ಶೆಟ್ಟರಿಗೊಂದು ಕೆಂಪು ಷರಾ

ಮಗಳ ತಲೆ ಕೆಡಿಸಿದ್ದು ಶಾಲೆಯ ಸ್ಮಾರ್ಟ್‌ಬೋರ್ಡೇ ಎಂಬುದರಲ್ಲಿ ಡೊಂಬಿವ್ಲಿಯ ಕಮಲಾಕ್ಷ ಶೆಟ್ಟರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಐದನೆಯ ಕ್ಲಾಸಿನ ನಿಶ್ಮಿತಾಳ ಡೈರಿಯಲ್ಲಿ ‘ಪಾಠದ ಕಡೆ ಗಮನವಿಲ್ಲ’ ಎಂಬ ಕೆಂಪು ಷರಾ ಮೂರನೆಯ ಸಲ ಬಂದಿತ್ತು. ಶೆಟ್ಟರು ಕೂಡಲೇ ತೀರ್ಪು ಕೊಟ್ಟರು. ಭಾನುವಾರ ಠಾಣೆಯ ಕೆರೆಯಲ್ಲಿ ನಡೆಯಬೇಕಿದ್ದ ದೋಣಿವಿಹಾರ ರದ್ದು! ಶನಿವಾರ ಪಾಲಕರ ಸಭೆಯಲ್ಲಿ ಶಾಲೆಯವರ ನೀರಿಳಿಸುವ ಮಹಾಕಾರ್ಯ!

“ಪಪ್ಪಾ, ಮೇರೀ ಬಾತ್ ತೋ ಸುನೋ,” ಎಂದು ತನ್ನ ಮಾತನ್ನೂ ಕೇಳುವಂತೆ ಬೇಡಿದಳು ಹುಡುಗಿ.

“ಹ್ಞೂಂ,” ಎಂದರು ಶೆಟ್ಟರು, ಮೊಬೈಲಿಗೆ. (ಕಲ್ಯಾಣದ ತಮ್ಮ ಹೋಟೆಲಿಗೆ ಕ್ಯಾಮರಾ ಹಾಕಿಸಿದಂದಿನಿಂದ ದೇಹ ಮಾತ್ರ ಮನೆಯಲ್ಲಿ, ಕಣ್ಣೆರಡೂ ಅಲ್ಲಿನ ಚಟ್ನಿ ಪಾತ್ರೆಯ ಮೇಲೆ.)

ಸಭೆಯಲ್ಲಿ ಅವರು ಗುಡುಗಿದರು. “ಎಂತ ಟೀಚರ್, ನಮಗೆಲ್ಲ ಕರಿಹಲಗೆ ಸಾಕಾಗ್ತಿತ್ತು. ನೀವು ಕ್ಲಾಸಲ್ಲಿ ಟಿವಿ ಇಟ್ರೆ ಮಕ್ಕಳ ಗಮನ ನಿಲ್ಲುವುದು ಹೇಗೆ?”

ಚಪ್ಪಾಳೆ ಬಿತ್ತು. ಬೆಂಗಳೂರಿನವರಾದ ಸೌಜನ್ಯ ಟೀಚರ್ ಶಾಂತವಾಗಿ ಉತ್ತರಿಸತೊಡಗಿದರು. ಗೆದ್ದ ಗುಂಗಿನಲ್ಲಿ ಶೆಟ್ಟರು ಬೆಂಚಿನ ಕೆಳಗೆ ಮೆಲ್ಲಗೆ ಮೊಬೈಲ್ ತೆರೆದರು.

“ಏಯ್ ಪುಂಡರೀಕಾಕ್ಷ, ಚಟ್ನಿ ಎಷ್ಟು ಸರ್ತಿ ಬಡಿಸ್ತೀ ಮಾರಾಯ!” ಎಂದು ಹೋಟೆಲಿನ ಮಾಣಿಗೆ ಕೂಗಿಯೇಬಿಟ್ಟರು.

ಇಡೀ ಕ್ಲಾಸ್ ತಿರುಗಿ ನೋಡಿತು.

“ಸಾರ್, ನಾನೀಗ ಏನ್ ಹೇಳ್ದೆ?” ಎಂದರು ಟೀಚರ್.

ಶೆಟ್ಟರು ತಮಗರಿವಿಲ್ಲದೆ ಎದ್ದು ಕೈಕಟ್ಟಿ ನಿಂತರು. ಪಕ್ಕದಲ್ಲಿದ್ದ ನಿಶ್ಮಿತಾ ಪಿಸುಗುಟ್ಟಿದಳು. “ಪೀಛೆ ಸೇ ಬೋರ್ಡ್ ದಿಖ್ತಾ ನಹೀಂ.”

“ಹಿಂದಿನಿಂದ ಬೋರ್ಡ್ ಕಾಣುವುದಿಲ್ಲ ಅಂತ ಹೇಳಿದ್ರಿ.”

“ಯಾರಿಗೆ?”

ಶೆಟ್ಟರು ಮತ್ತೆ ಮಗಳತ್ತ ಬಾಗಿದರು.

“ಮುಝೇ,” ಎಂದು ತನ್ನನ್ನೇ ತೋರಿಸಿಕೊಂಡಳು ನಿಶ್ಮಿತಾ.

ಟೀಚರ್ ಇನ್ನೊಮ್ಮೆ ಹೇಳಿದರು. ಕಿಟಕಿಯ ಬಿಸಿಲು ಬೋರ್ಡಿಗೆ ಹೊಡೆದು ಕೊನೆಯ ಬೆಂಚಿಗೆ ಬರೀ ಬೆಳ್ಳಗೆ ಕಾಣುತ್ತದೆ. ನಿನ್ನೆ ತಾವೇ ಅಲ್ಲಿ ಕೂತಾಗ ತಿಳಿಯಿತು. ಷರಾ ಬರೆದದ್ದು ತಮ್ಮ ತಪ್ಪು. “ಮನೇಲಿ ಹೇಳಿದ್ಲಂತಲ್ಲ ಸಾರ್?”

ಶೆಟ್ಟರ ಮುಖ ಕಪ್ಪಿಟ್ಟಿತು. ತಾವು ಶಿಕ್ಷೆ ಕೊಟ್ಟ ಮಗುವೇ ಎಲ್ಲರೆದುರು ತಮ್ಮ ಮಾನ ಉಳಿಸಲು ನೋಡಿತ್ತಲ್ಲ ಎಂದು ನೆನೆದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮನೆಯಲ್ಲಿ ಹೆಂಡತಿ ಜಯಲತಾ ಡೈರಿ ತೆರೆದಳು. ಹಳೆಯ ಮೂರು ಷರಾಗಳನ್ನೂ ಹೊಡೆದುಹಾಕಿ ಟೀಚರ್ ಕೆಳಗೆ ಹೊಸದೊಂದನ್ನು ಬರೆದಿದ್ದರು: ‘ತಂದೆಗೆ ಗಮನವಿಲ್ಲ. ತಾಯಿಯ ಸಹಿ ಬೇಕು.’

ಆಕೆ ಸಂತೋಷದಿಂದ ಸಹಿ ಹಾಕಿದಳು. “ಷರಾ ಬಂದವರಿಗೆ ದೋಣಿ ಇಲ್ಲ, ನಿಮ್ಮದೇ ಕಾನೂನು. ನಾಳೆ ನಾನು, ಮಗಳು ಇಬ್ಬರೇ ಹೋಗ್ತೇವೆ. ಮೊಬೈಲ್ ಇತ್ತ ಕೊಡಿ, ಫೋಟೋ ತೆಗೀಲಿಕ್ಕೆ ಬೇಕು.”

ಶೆಟ್ಟರು ಚಟ್ನಿ ಪಾತ್ರೆಯನ್ನು ಕೊನೆಯ ಸಲ ನೋಡಿ ಮೊಬೈಲ್ ಕೊಟ್ಟರು.