ಮಾವನ ಪಿಸ್ತೂಲೂ ನನ್ನ ಕೈಗುಣವೂ

ಕೆಟ್ಟ ವಸ್ತುವನ್ನು ಕಂಡು ಸುಮ್ಮನೆ ಹೋಗುವ ಜಾಯಮಾನ ನನ್ನದಲ್ಲ. ನಾನು ಸರಿಪಡಿಸಿದ ಗೋಡೆ ಗಡಿಯಾರ ಈಗಲೂ ನಡೆಯುತ್ತದೆ. ಹಿಂದಕ್ಕೆ ನಡೆಯುತ್ತದೆ ಎಂಬುದು ಬೇರೆ ಮಾತು!

ಹೀಗಿರುವಾಗ ಮಾವ ತಮ್ಮ ಅಪ್ಪನ ಕಾಲದ ಪಿಸ್ತೂಲನ್ನು ನಮ್ಮ ಮನೆಗೆ ತಂದರು. "ಮನೆಗೆ ಬಣ್ಣ ಹೊಡೆಸ್ತಿದ್ದೀನಿ, ಒಂದು ವಾರ ಇಲ್ಲಿರಲಿ. ಭಾನುವಾರ ಪೊಲೀಸ್ ಅಧಿಕಾರಿ ಇಲ್ಲಿಗೇ ಬಂದು ಪರೀಕ್ಷೆ ಮಾಡ್ತಾರೆ. ಅಲ್ಲೀವರೆಗೆ ದಯವಿಟ್ಟು ಮುಟ್ಟಬೇಡಿ" ಎಂದರು.

ಗುಂಡುಗಳನ್ನು ಅವರು ಎಂದೋ ಠಾಣೆಗೆ ಒಪ್ಪಿಸಿದ್ದರು. ನಳಿಕೆಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ಮೇಲೆ ಹಿಂದೆಮುಂದೆ ಜಾರಬೇಕಾದ ಉಕ್ಕಿನ ಹೊದಿಕೆ, ಅದೇ ಸ್ಲೈಡು, ತುಕ್ಕು ಹಿಡಿದು ಬಂಡೆಯಾಗಿತ್ತು. ಇಂಥದ್ದು ಪರೀಕ್ಷೆಯಲ್ಲಿ ಪಾಸಾದೀತೇ? ಮದುವೆಯಾದ ಈ ಇಪ್ಪತ್ತೆರಡು ವರ್ಷಗಳಲ್ಲಿ ಮಾವನ ಬಾಯಿಂದ ಒಂದು "ಭೇಷ್" ಕೇಳಿಲ್ಲ. ಇದೇ ಸಮಯ!

"ರೀ, ಅಪ್ಪ ಮುಟ್ಟಬೇಡಿ ಅಂದಿದ್ದಾರೆ" ಎಂದಳು ಹೆಂಡತಿ.

"ಅದು ಸಂಕೋಚದ ಮಾತು ಕಣೇ!"

"ಸಂಕೋಚ ಅಲ್ಲ, ಅನುಭವ."

ಸೋಮವಾರ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಎಣ್ಣೆ ಸೋಫಾಕ್ಕೆ ಹೋಯಿತು, ಸ್ಲೈಡು ಅಲುಗಲಿಲ್ಲ. ಬುಧವಾರ ಪಾತ್ರೆಯೊಂದಕ್ಕೆ ಸೀಮೆಎಣ್ಣೆ ಸುರಿದು ಅದರಲ್ಲಿ ಮುಳುಗಿಸಿಟ್ಟೆ. ಅದು ಹೆಂಡತಿ ಹಾಲು ಕಾಯಿಸುವ ಪಾತ್ರೆ ಎಂಬುದು ಗುರುವಾರದ ಚಹಾದಲ್ಲಿ ಗೊತ್ತಾಯಿತು! ಶುಕ್ರವಾರ ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದೆ. ಬಾಗಿಲೇ ಕಳಚಿ ಬಂತು.

ಶನಿವಾರ ಅಂತಿಮ ಸಮರ. ಸ್ಲೈಡಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ನಾನು ಹಿಡಿಯನ್ನು ಹಿಡಿದೆ.

"ಎಳಿಯೇ!"

"ಇಪ್ಪತ್ತೆರಡು ವರ್ಷದಿಂದ ಎಳೀತಾನೇ ಇದ್ದೀನಿ!"

ಖಟಕ್! ಅವಳು ಎಣ್ಣೆ ಸೋಫಾದ ಮೇಲೆ, ನಾನು ಬಾಗಿಲಿಲ್ಲದ ಬಾಗಿಲಿನಾಚೆ. ಆದರೆ ಸ್ಲೈಡು ಜಾರಿತ್ತು!

ಭಾನುವಾರ ಮಾವನೂ ಅಧಿಕಾರಿಯೂ ಬಂದು ಕೂತರೋ ಇಲ್ಲವೋ, ಪಿಸ್ತೂಲನ್ನು ತಟ್ಟೆಯಲ್ಲಿಟ್ಟು ತಂದೆ. "ನೋಡಿ ಮಾವ!" ಖಟಕ್, ಖಟಕ್.

ಮಾವನ ಮುಖ ಸುಣ್ಣ ಬಳಿದಂತಾಯಿತು.

ಅಧಿಕಾರಿ ಪೆನ್ನು ಮುಚ್ಚಿದರು. "ಪೂರ್ತಿ ಕೆಟ್ಟಿದ್ರೆ ನೆನಪಿಗೆ ಗೋಡೇಲಿ ತೂಗುಹಾಕ್ಕೊಳ್ಳಿ ಅಂತ ಬರೆದುಕೊಡೋಕೆ ಬಂದಿದ್ದೆ. ಇದು ಕೆಲಸ ಮಾಡುತ್ತಲ್ಲ ಸಾರ್? ಠಾಣೆಗೆ ಒಪ್ಪಿಸ್ಬೇಕಾಗುತ್ತೆ."

"ಅಪ್ಪನ ನೆನಪಿಗೆ ಉಳಿದಿರೋದು ಇದೊಂದೇ" ಎಂದರು ಮಾವ. "ಇವರ ಕೈಗುಣ ನಂಬಿ ಇಲ್ಲಿಟ್ಟಿದ್ದೆ ಸಾರ್! ಅಕಸ್ಮಾತ್ ಮುಟ್ಟಿದ್ರೂ ಇನ್ನಷ್ಟು ಕೆಡುತ್ತೆ ಅಂದ್ಕೊಂಡಿದ್ದೆ. ಇಷ್ಟು ವರ್ಷದಲ್ಲಿ ಇವರು ಸರಿಮಾಡಿದ್ದು ಒಂದೇ ವಸ್ತು, ಅದೂ ಇದೇ ಆಗ್ಬೇಕಿತ್ತಾ!"

ಭೂಮಿ ಬಾಯಿಬಿಡಬಾರದೇ ಎನಿಸಿತು. ಹೆಂಡತಿ ಮಾತ್ರ ತಣ್ಣಗೆ, "ಇವರ ರಿಪೇರಿ ನೋಡಿ ಅವಸರಪಡಬೇಡಿ ಸಾರ್. ಇನ್ನೆರಡು ಸಲ ಎಳೆಯೋಕೆ ಹೇಳಿ" ಎಂದಳು.

ನನ್ನ ಸ್ವಾಭಿಮಾನ ಕೆರಳಿತು. "ಎರಡಲ್ಲ, ನೂರು ಸಲ ಎಳೆದರೂ ಇದಕ್ಕೇನೂ ಆಗಲ್ಲ!"

ಎರಡನೆಯ ಎಳೆತಕ್ಕೇ ಸ್ಪ್ರಿಂಗ್ ಚಿಮ್ಮಿ ಕಿಟಕಿಯಾಚೆ ಹಾರಿ ಚರಂಡಿ ಸೇರಿತು. ಸ್ಲೈಡು ಅರ್ಧದಾರಿಯಲ್ಲಿ ಸೊಟ್ಟಗೆ ಕಚ್ಚಿಕೊಂಡಿತು. ಅಧಿಕಾರಿ ಎಳೆದರು, ಮಾವ ಎಳೆದರು. ಊಹೂಂ!

ಮಾವ ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ಭೇಷ್ ಅಳಿಯಂದ್ರೇ, ಭೇಷ್!"

ಅಧಿಕಾರಿ "ಶಾಶ್ವತವಾಗಿ ನಿರುಪಯುಕ್ತ" ಎಂದು ಬರೆದು ತಲೆಯೆತ್ತಿದರು. "‘ಕೆಡಲು ಕಾರಣ’ ಅಂತ ಒಂದು ಖಾನೆ ಇದೆ. ತುಕ್ಕು ಅಂತ ಬರೀಲಾ?"

ತಂದೆ, ಮಗಳು ಇಬ್ಬರೂ ಒಂದೇ ಉಸಿರಿಗೆ ಹೇಳಿದರು:

"ಅಳಿಯ ಅಂತ ಬರೀರಿ!"