ಕುಣಿಗಲ್ ಕೆರೆಗೆ ಇಳಿದ ಸಮುದ್ರದ ಕಿವಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವನು ನನ್ನ ಭಾವಮೈದ ಪರಮೇಶಿ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ಬೆಳಿಗ್ಗೆ ವಿಭೂತಿ ಧರಿಸಿ ಬಟವಾಡಿಯ ಮನೆಯಿಂದ ಹೊರಟನೆಂದರೆ, ಸಂಜೆಗೆ ಏನಾದರೊಂದು ನಗುವ ಸಮಾಚಾರ ತಂದೇ ತರುತ್ತಾನೆ. ಅಂಥವು ಅವನನ್ನು ಹುಡುಕಿಕೊಂಡು ಬರುತ್ತವೋ, ಅವನೇ ಹೋಗಿ ಮಾಡಿಕೊಳ್ಳುತ್ತಾನೋ, ನನಗೆ ಇನ್ನೂ ತಿಳಿದಿಲ್ಲ.

೧. ಊಹೆ

ಸಮುದ್ರದ ನೀರು ಹೇಗೆ ಹರಿಯುತ್ತದೆಂದು ಅಭ್ಯಾಸ ಮಾಡುವ ಮೇಡಂ ಒಬ್ಬರು ಆ ವರ್ಕ್‌ಶಾಪಿಗೆ ಬಂದರು. ಗುಬ್ಬಿಯ ಹೆಣ್ಣುಮಗಳು. ಸಮುದ್ರದೊಳಗೆ ಇಳಿಸುವ ಯಂತ್ರಕ್ಕೆ ಸ್ಟೀಲ್ ಫ್ರೇಮ್ ಆಗಬೇಕಿತ್ತು. ಹಡಗು ಹೊರಡುವುದರಲ್ಲಿತ್ತು, ಯಂತ್ರ ಅದನ್ನು ಹತ್ತದಿದ್ದರೆ ಅವರ ಕೆಲಸವೆಲ್ಲ ನಿಂತಂತೆ.

ಯಾಕೆ ಇಷ್ಟು ಅವಸರ ಎಂದು ಪರಮೇಶಿ ಕೇಳಿದ್ದಾನೆ. ಮೇಡಂ ಸಾವಧಾನವಾಗಿ ವಿವರಿಸಿದರಂತೆ. ಸಮುದ್ರದ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಮಳೆ, ಮೀನು, ಹಡಗಿನ ದಾರಿ ಎಲ್ಲಕ್ಕೂ ಆ ಲೆಕ್ಕ ಬೇಕು. ಮೇಲಿನ ನೀರು ಉಪಗ್ರಹಕ್ಕೆ ಕಾಣುತ್ತದೆ, ಒಳನೀರು ಕಾಣುವುದಿಲ್ಲ. ಅಲ್ಲಿ ಯಂತ್ರ ಇಟ್ಟು, ಅದು ಅಳೆದದ್ದನ್ನು ತಂದು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

“ಹಂಗಾದ್ರೆ ಇಷ್ಟು ದಿನ ಕಂಪ್ಯೂಟರ್ ಸುಳ್ಳು ಹೇಳ್ತಿತ್ತಾ ಮೇಡಂ?”

“ಸುಳ್ಳಲ್ಲ. ಗೊತ್ತಿಲ್ಲದ ಕಡೆ ಊಹೆ ಮಾಡ್ತಿತ್ತು.”

“ತಿಳೀತು ಬಿಡಿ. ನಮ್ಮ ಓನರ್ ಡೆಲಿವರಿ ಡೇಟ್ ಹೇಳ್ದಂಗೆ.”

ಓನರ್ ಅವನ ಬೆನ್ನ ಹಿಂದೆಯೇ ನಿಂತಿದ್ದರು. ಆ ಫ್ರೇಮ್ ಮಾತ್ರ ಹೇಳಿದ ದಿನಕ್ಕೇ ತಯಾರಾಯಿತು.

೨. ಕಿವಿಗೆ ವಿಭೂತಿ

ಯಂತ್ರವನ್ನು ಫ್ರೇಮಿನಲ್ಲಿ ಕೂರಿಸಿದ ದಿನ ಪೂಜೆ. ಯಂತ್ರದ ತಲೆಯ ಮೇಲೆ ನಾಲ್ಕು ದುಂಡನೆಯ ಬಿಲ್ಲೆಗಳಿದ್ದವು. ಅವನ್ನು ಮುಟ್ಟಬೇಡಿ ಎಂದು ಮೇಡಂ ಮತ್ತೆ ಮತ್ತೆ ಹೇಳಿ ಟೀ ಕುಡಿಯಲು ಹೋದರು. ಬರುವಷ್ಟರಲ್ಲಿ ನಾಲ್ಕಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ.

“ಅಯ್ಯೋ, ಅವೇ ಕಣ್ರೀ ಇದರ ಕಿವಿ! ನೀರೊಳಗೆ ಶಬ್ದ ಕಳಿಸಿ, ವಾಪಸ್ ಬರೋದನ್ನ ಕೇಳಿಸ್ಕೊಂಡೇ ಇದು ಹರಿವು ಅಳೆಯೋದು.”

“ಕಿವಿಗೂ ವಿಭೂತಿ ಹಚ್ಚೋದು ನಮ್ಮಲ್ಲುಂಟು ಮೇಡಂ,” ಎಂದು ಪರಮೇಶಿ ತನ್ನ ಕಿವಿಯನ್ನೇ ತೋರಿಸಿದ.

ಮೇಡಂ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾ, “ಅದಕ್ಕೇ ಇರ್ಬೇಕು, ನಾನು ಹೇಳಿದ್ದು ನಿಮಗೆ ಕೇಳಿಸ್ಲೇ ಇಲ್ಲ,” ಎಂದರಂತೆ.

೩. ಬಾಗಿನ

ಮುಂದಿನದು ನಾನೇ ಕಣ್ಣಾರೆ ಕಂಡದ್ದು. ನಮ್ಮ ಮನೆ ಕುಣಿಗಲ್ ಕೆರೆಗೆ ಹತ್ತಿರ. ಯಂತ್ರಕ್ಕೆ ಮೊದಲು ಅಲ್ಲೇ ಪರೀಕ್ಷೆ. ಕೊಕ್ಕೆಗೆ ಸಿಕ್ಕಿಸಿದ ಸಿಮೆಂಟ್ ದಿಮ್ಮಿಯ ಭಾರಕ್ಕೆ ಅದು ಮುಳುಗಬೇಕು. ಮೇಲಿಂದ ಸಂಕೇತ ಕಳಿಸಿದಾಗ ಕೊಕ್ಕೆ ತೆರೆದುಕೊಂಡು, ದಿಮ್ಮಿಯನ್ನು ತಳದಲ್ಲೇ ಬಿಟ್ಟು, ಫ್ರೇಮಿಗೆ ಕಟ್ಟಿದ ತೇಲುಗುಂಡುಗಳ ಬಲದಿಂದ ತಾನಾಗಿ ತೇಲಿ ಬರಬೇಕು. ಬಂದರೆ ಹಡಗು, ಬರದಿದ್ದರೆ ಇಲ್ಲ.

ಗಂಗಮ್ಮನಿಗೆ ಬಾಗಿನ ಕೊಡದೆ ಕೆರೆಗೆ ಏನನ್ನೂ ಇಳಿಸಬಾರದು ಎಂದಳು ನನ್ನ ಹೆಂಡತಿ. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಧಾನ್ಯ ಇಟ್ಟು, ಕೈಮುಗಿದು ತೇಲಿಬಿಟ್ಟಳು. ಎದುರುಗಾಳಿ. ಮೊರ ಸ್ವಲ್ಪ ದೂರ ಹೋಗಿ, ತಿರುಗಿ, ಅವಳ ಕಾಲಿಗೇ ಬಂದು ತಾಗಿತು. ಮತ್ತೆ ತಳ್ಳಿದಳು. ಮತ್ತೆ ಬಂತು.

“ಗಂಗಮ್ಮ ಒಲ್ಲೆ ಅಂತಾಳೆ ಕಣ್ರೀ,” ಎಂದಳು. ಮುಖ ಬಾಡಿಹೋಯಿತು. ನನಗೂ ಮನಸ್ಸಿಗೆ ಒಂಥರಾ ಆಯಿತು.

ಪರಮೇಶಿ ಸಮಾಧಾನ ಹೇಳಲು ಬಂದ: “ಬಳೆ ಸೈಜ್ ಆಗ್ಲಿಲ್ವೇನೋ ಬುಡಕ್ಕ.”

೪. ಕೊಕ್ಕೆ

ಮೀನುಗಾರನೊಬ್ಬನ ತೆಪ್ಪದಲ್ಲಿ ಯಂತ್ರವನ್ನು ಒಯ್ದು ಮುಳುಗಿಸಿದ್ದಾಯಿತು. ಒಂದಷ್ಟು ಹೊತ್ತು ಬಿಟ್ಟು ಮೇಡಂ ಸಂಕೇತ ಕಳಿಸಿದರು. ಕೊಕ್ಕೆ ತೆರೆದಿದೆ ಎಂದು ಕೆಳಗಿನಿಂದ ಉತ್ತರವೂ ಬಂತು. ಯಂತ್ರ ಬರಲಿಲ್ಲ. ಮತ್ತೆ ಕಳಿಸಿದರು. ಅದೇ ಉತ್ತರ. ಮೇಡಂ ನೀರನ್ನೇ ನೋಡುತ್ತಾ ನಿಂತರು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ.

ನನ್ನವಳು ಮೆಲ್ಲಗೆ ಹೇಳಿದಳು: “ಕೊಟ್ಟಿದ್ದನ್ನ ವಾಪಸ್ ಕಳಿಸಿದ್ಲು. ವಾಪಸ್ ಕೇಳಿದ್ದನ್ನ ಇಟ್ಕೊಂಡ್ಲು.”

ಕೊನೆಗೆ ಮೀನುಗಾರನೇ ಮುಳುಗು ಹಾಕಿದ. ಮೇಲೆ ಬಂದು ಮುಖ ಒರೆಸಿಕೊಂಡು, “ದಿಮ್ಮಿಗೂ ಫ್ರೇಮಿಗೂ ಸೇರಿಸಿ ಬೈಂಡಿಂಗ್ ವೈರ್ ಸುತ್ತವ್ರೆ ಮೇಡಂ. ಭಾಳ ಗಟ್ಟಿಯಾಗೇ ಸುತ್ತವ್ರೆ,” ಎಂದ.

ಎಲ್ಲರೂ ಪರಮೇಶಿಯ ಕಡೆ ತಿರುಗಿದೆವು.

“ಅಷ್ಟು ತೂಕಕ್ಕೆ ಒಂದೇ ಒಂದು ಕೊಕ್ಕೆ ಇತ್ತು ಭಾವ. ಎಲ್ಲಾದ್ರೂ ಬಿಟ್ಟುಹೋದ್ರೆ ಅಂತ...”

“ಬಿಟ್ಟುಹೋಗ್ಲಿ ಅಂತಾನೇ ರೀ ಆ ಕೊಕ್ಕೆ ಇಟ್ಟಿರೋದು!” ಎಂದರು ಮೇಡಂ.

“ಏನ್ಲಾ ಪರಮೇಶಿ, ಗಂಗಮ್ಮನ್ನೇ ಕಳ್ಳಿ ಮಾಡ್ಬುಟ್ಯಲ್ಲೋ!” ಎಂದಳು ಅವನ ಅಕ್ಕ.

ಮೀನುಗಾರ ಕಟಿಂಗ್ ಪ್ಲೇಯರ್ ಹಿಡಿದು ಮತ್ತೆ ಇಳಿದ. ಸ್ವಲ್ಪ ಹೊತ್ತಿಗೆ ಫ್ರೇಮು ಬುಳಕ್ಕನೆ ಮೇಲೆದ್ದಿತು. ಮೇಡಂ ನಗುತ್ತಲೇ ಕಣ್ಣೊರೆಸಿಕೊಂಡರು. ಅಲ್ಲೇ ಏರಿಯ ಮೇಲೆ ಕೂತು, ಯಂತ್ರ ಅಳೆದದ್ದನ್ನು ಲ್ಯಾಪ್‌ಟಾಪಿನಲ್ಲಿ ತೆರೆದರು. ಮೇಲಿನ ನೀರು ಗಾಳಿಯ ಜೊತೆ ದಡಕ್ಕೆ ಬರುತ್ತಿದ್ದರೆ, ತಳದ ನೀರು ಮೆಲ್ಲಗೆ ಕೆರೆಯ ನಡುವಿಗೆ ಹೋಗುತ್ತಿತ್ತಂತೆ. ಅವರ ಕಂಪ್ಯೂಟರು ಮಾತ್ರ, ತಳದಲ್ಲಿ ನೀರು ಸುಮ್ಮನಿದೆ ಎಂದು ಊಹಿಸಿತ್ತು.

“ಲೆಕ್ಕ ತಿದ್ಬೇಕು ಅಮ್ಮ. ಒಳಗಿಳಿದು ಕೇಳೋವರೆಗೂ ನನಗೂ ಗೊತ್ತಿರ್ಲಿಲ್ಲ,” ಎಂದರು ನನ್ನ ಹೆಂಡತಿಗೆ.

ನನ್ನವಳು ದಡಕ್ಕೆ ತಾಗಿ ನಿಂತಿದ್ದ ಮೊರದ ಕಡೆ ನೋಡಿದಳು. “ಅಂದ್ರೆ ಗಂಗಮ್ಮ ಮೇಲ್ಮೇಲೆ ಬೇಡ ಅಂತಿದ್ಲು, ಒಳಗೊಳಗೆ ಕರೀತಿದ್ಲು. ಊಟಕ್ಕೆ ಕೂತ ಬೀಗಿತ್ತಿ ಸಾಕು ಸಾಕು ಅಂದಂಗೆ.”

ನಾನೂ ಎಷ್ಟು ಜನರನ್ನು ಮೇಲಿನ ಮಾತಿನಿಂದಲೇ ಅಳೆದಿದ್ದೇನೋ, ಶಿವನಿಗೇ ಗೊತ್ತು.

ಅವಳು ಬಾಗಿನದ ಮೊರ ಎತ್ತಿಕೊಂಡು, ಪಕ್ಕದಲ್ಲಿದ್ದ ಕಲ್ಲೊಂದನ್ನು ಅದಕ್ಕೆ ಆನಿಸಿ, ತಮ್ಮನನ್ನು ಕರೆದಳು: “ಬಾರ್ಲಾ ಇಲ್ಲಿ. ಈಗ ಸುತ್ತು ನಿನ್ನ ವೈರ್‌ನ!”

ಆ ಸಲ ಬಾಗಿನ ಹಿಂದಕ್ಕೆ ಬರಲಿಲ್ಲ. ಯಂತ್ರವೂ ಹಡಗು ಹತ್ತಿತು.

ಪರಮೇಶಿ ಈ ಕಥೆಯನ್ನು ಈಗಲೂ ಹೋದಲ್ಲೆಲ್ಲ ಹೇಳುತ್ತಾನೆ. ಆದರೆ ಕಥೆ ಕುಣಿಗಲ್ ಕೆರೆಯ ಏರಿಗೆ ಬಂದ ಕೂಡಲೇ ಏನೋ ಕೆಲಸ ನೆನಪಾಗಿ ಎದ್ದುಬಿಡುತ್ತಾನೆ. ಆದ್ದರಿಂದ ತಾವು ನಾಲ್ಕು ಜನಕ್ಕೆ ಇದನ್ನು ಹೇಳುವಾಗ, ದಯಮಾಡಿ ಅಲ್ಲಿಂದಲೇ ಶುರುಮಾಡಿ.