ಅತ್ತೆ ಎಡವಬಾರದೆಂದು ಹಾಕಿಸಿದ ನೆಲ

ಅಂಗಳ ಗುಡಿಸಿ ನೀರು ಹಾಕಿದ್ದಾಯಿತು. ಹಾಲು ಕಾಸಿದ್ದಾಯಿತು. ನಲ್ಲಿಯಲ್ಲಿ ನೀರು ಬಂದ ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಬಿಂದಿಗೆ ತುಂಬಿದ್ದಾಯಿತು. ಯಜಮಾನರ ಡಬ್ಬಿಗೆ ಚಿತ್ರಾನ್ನ ಹಾಕಿ, ಅವರು ಹುಡುಕುತ್ತಿದ್ದ ಕನ್ನಡಕವನ್ನು ಅವರ ತಲೆಯ ಮೇಲಿಂದಲೇ ತೆಗೆದುಕೊಟ್ಟದ್ದಾಯಿತು. ತೊಗರಿಬೇಳೆ ಬಿಸಿಲಿಗೆ ಹರಡಿದ್ದಾಯಿತು. ಗಡಿಯಾರ ನೋಡಿದರೆ ಇನ್ನೂ ಒಂಬತ್ತೂವರೆ. ಉಳಿದಿದ್ದು ಒಂದೇ ಒಂದು ಸಣ್ಣ ಕೆಲಸ: ಚಿತ್ರದುರ್ಗಕ್ಕೆ ಹೋಗಿ ನಡುಮನೆಗೆ ಟೈಲ್ಸ್ ನೋಡಿ ಬರುವುದು.

ಸಣ್ಣ ಕೆಲಸ!

ಮನೆಗೆ ಒಂದೇ ಮೊಬೈಲು ಇದ್ದ ಕಾಲ ಅದು. ನಮ್ಮದು ಹೊಸದುರ್ಗದಲ್ಲಿ ಹಳೆಯ ಮನೆ. ನಡುಮನೆಗೆ ಕೆಂಪು ಗಾರೆ ನೆಲ. ಅದನ್ನು ತಿಕ್ಕಿ ತೀಡಿ ಹಾಕಿದ್ದವರು ಈಗ ಊರಲ್ಲಿ ಗಾರೆಕೆಲಸ ಮಾಡುವ ಇಸ್ಮಾಯಿಲ್ ಸಾಬರ ತಂದೆ. ನೆಲಕ್ಕೂ ವಯಸ್ಸಾಗಿತ್ತು. ಅಡುಗೆಮನೆ ಬಾಗಿಲಲ್ಲಿ ಉದ್ದನೆಯ ಬಿರುಕು, ಬಚ್ಚಲ ಬಾಗಿಲಲ್ಲಿ ಒಂದು ತಗ್ಗು, ಅತ್ತೆಯ ಕೋಣೆಯ ಮುಂದೆ ಅಂಗೈಯಗಲ ಚಕ್ಕೆ ಎದ್ದ ಜಾಗ.

ಅತ್ತೆಗೆ ಎಂಬತ್ತರ ಹತ್ತಿರ. ಕಣ್ಣಿನ ನರ ಒಣಗಿ ಹತ್ತು ವರ್ಷವಾಗಿತ್ತು. ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ಆದರೂ ಮನೆಯೊಳಗೆ ಯಾರ ಕೈಯನ್ನೂ ಹಿಡಿದವರಲ್ಲ. ಬರಿಗಾಲಲ್ಲಿ ಸರಸರನೆ ಬಚ್ಚಲಿಗೆ ಹೋಗುವರು, ಅಡುಗೆಮನೆಗೆ ಬಂದು ಚಾ ಕೇಳುವರು, ಸಾರಿಗೆ ಉಪ್ಪು ಕಡಿಮೆಯೆಂದು ವಾಸನೆಯಲ್ಲೇ ಹೇಳುವರು. ನನಗೆ ಮಾತ್ರ ಆ ಬಿರುಕುಗಳನ್ನು ಕಂಡಾಗಲೆಲ್ಲ ಒಂದೇ ಚಿಂತೆ. ಎಡವಿ ಬಿದ್ದು ಸೊಂಟ ಮುರಿದರೆ? ನೆಲ ನುಣ್ಣಗಾಗಬೇಕು, ಅತ್ತೆ ಎಡವಬಾರದು. ನನ್ನ ಯೋಜನೆಯ ಏಕೈಕ ಹಾಗೂ ಘನವಾದ ಉದ್ದೇಶ ಇದಾಗಿತ್ತು.

ಚಿತ್ರದುರ್ಗದ ಅಂಗಡಿಯಾತ ಒಂದು ಟೈಲ್ಸನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಎರಡಡಿ ಚೌಕ, ದಪ್ಪ ಮಾತ್ರ ಹಪ್ಪಳದಷ್ಟು!

“ಇದು ಹೊಸ ಮಾಲು ಅಕ್ಕಾರೆ. ಮಣ್ಣು ಕಮ್ಮಿ, ಸುಡಾಕೆ ಬೆಂಕಿ ಕಮ್ಮಿ, ಒಂದೇ ಲಾರಿಯಾಗೆ ಎರಡರಷ್ಟು ಬರ್ತೈತೆ. ಹಳೇ ನೆಲ ಒಡೆಯಂಗೇ ಇಲ್ಲ, ಅದರ ಮೇಲೇ ಅಂಟಿಸಿಬಿಡಾದು. ಜೋಗಿಮಟ್ಟಿ ದಾರಿಯಾಗೆ ಸುರಿದಿರ ಗೋಡೆ ಚೂರು, ನೆಲದ ಚೂರು ನೋಡೀರಲ್ಲ? ಆ ಗುಡ್ಡೆಗೆ ನಿಮ್ಮನೇದೂ ಸೇರಾದು ಬ್ಯಾಡ.”

ಈ ಮಾತು ನನಗೆ ಬಹಳ ಹಿಡಿಸಿತು. ಹಳೆಯದನ್ನು ಒಡೆಯದೆ ಹೊಸದು ಮಾಡುವುದು ಎಂದರೆ ನನಗೆ ಮೊದಲಿನಿಂದಲೂ ಇಷ್ಟ. ಹಳೆ ಸೀರೆಗಳೆಲ್ಲ ನಮ್ಮ ಮನೆಯಲ್ಲಿ ಕೌದಿಯಾಗಿವೆ.

“ತುಳಿದರೆ ಒಡೆಯೋದಿಲ್ವಾ?” ಎಂದೆ.

ಆತ ಅಂಗಡಿಯ ನೆಲಕ್ಕೆ ಅಂಟಿಸಿದ್ದ ಅಂಥದ್ದೇ ಟೈಲ್ಸಿನ ಮೇಲೆ ಹತ್ತಿ ಮೂರು ಸಲ ಜಿಗಿದ. ದಪ್ಪನೆಯ ಮನುಷ್ಯ. ಟೈಲ್ಸ್ ಮಿಸುಕಲಿಲ್ಲ. “ಅಂಟಿನ ಪುಡೀನ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು, ಒಂದಿಂಚೂ ಬಿಡದಂಗೆ ಪೂರ್ತಿ ಬಳೀಬೇಕು. ಅಷ್ಟೇ” ಎಂದ. ದೋಸೆ ಹಿಟ್ಟು! ಇಪ್ಪತ್ತೇಳು ವರ್ಷ ದೋಸೆ ಹೊಯ್ದವಳಿಗೆ ಇನ್ನೇನು ಬೇಕು? ಮಾಲು ಗೊತ್ತುಮಾಡಿ, ಮಾದರಿಗೆಂದು ಒಂದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಹತ್ತಿದ ಅಜ್ಜಿಯೊಬ್ಬಳು “ಯಾವ ದೇವರ ಫೋಟೋನಮ್ಮ?” ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೇಡವೆನ್ನಲು ಮನಸ್ಸಾಗಲಿಲ್ಲ.

ಮನೆಗೆ ಬಂದರೆ ಇಸ್ಮಾಯಿಲ್ ಸಾಬರು ಆಗಲೇ ನಡುಮನೆ ಅಳೆಯುತ್ತಿದ್ದರು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಟೇಪಿನ ಇನ್ನೊಂದು ತುದಿ ಹಿಡಿದಿದ್ದರು. ನಾನು ಟೈಲ್ಸನ್ನು ನೆಲದ ಮೇಲಿಟ್ಟು ಗಂಭೀರವಾಗಿ ಹೇಳಿದೆ: “ಸಾಬ್ರೇ, ಇದರ ಮೇಲೆ ಜಿಗೀರಿ.”

“ಬ್ಯಾಡಕ್ಕ.”

“ಜಿಗೀರಿ ಅಂದ್ರೆ! ಅಂಗಡಿಯಲ್ಲಿ ನಿಮ್ಮೆರಡರಷ್ಟು ಇರೋರು ಜಿಗಿದ್ರು.”

ಪಾಪ, ಅವರು ಜಿಗಿಯಲಿಲ್ಲ. ಸುಮ್ಮನೆ ಒಂದು ಕಾಲಿಟ್ಟರು.

ಚಟ್!

ಅಂಟಿಸಿದ ಮೇಲಷ್ಟೇ ಅದು ಕಲ್ಲು, ಅಲ್ಲಿಯವರೆಗೆ ನಿಜವಾದ ಹಪ್ಪಳ ಎಂಬ ಜ್ಞಾನ ನನಗೆ ಈ ರೀತಿ ಪ್ರಾಪ್ತವಾಯಿತು. ಯಜಮಾನರು ತುಂಡುಗಳನ್ನು ಎಣಿಸಿ “ಐದು” ಎಂದರು. ನಾನು ಅವನ್ನು ಆರಿಸಿ ಮಂಚದ ಕೆಳಗಿಟ್ಟೆ. ಏನನ್ನೂ ಎಸೆಯುವವಳಲ್ಲ ನಾನು.

ಮುಂದಿನ ವಾರ ಟೆಂಪೋದಲ್ಲಿ ಮಾಲು ಬಂತು, ಜೊತೆಗೆ ನಾಲ್ಕು ಚೀಲ ಅಂಟಿನ ಪುಡಿ. ಕೆಲಸ ಮುಗಿಯುವವರೆಗೆ ಅತ್ತೆಯನ್ನು ಪಕ್ಕದ ಮನೆಯ ಸುಮಿತ್ರಕ್ಕನ ಹತ್ತಿರ ಬಿಟ್ಟು ಬಂದೆ. “ಬೆಳಿಗ್ಗೆ ಏಳಕ್ಕೇ ಬರ್ತೀನಕ್ಕ” ಎಂದು ಸಾಬರು ಹೇಳಿಹೋದರು. ಸಂಜೆ ನಾನು ಅಕ್ಕಿ, ಉದ್ದು ರುಬ್ಬಿ ಮುಚ್ಚಿಟ್ಟೆ. ಅದೇ ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಒಂದು ಚೀಲ ಅಂಟಿನ ಪುಡಿ ಸುರಿದು, ನೀರು ಬೆರೆಸಿ, ಒಂದು ಗಂಟೂ ಇರದಂತೆ ಕಲಸಿದೆ. ಹದ ಹೇಗೆ ಬಂದಿತ್ತೆಂದರೆ, ಹೊಯ್ದರೆ ತೂತು ಬೀಳಬೇಕು! ಬೆಳಿಗ್ಗೆ ಸಾಬರಿಗೆ ಕೆಲಸ ಹಗುರಾಗಲಿ ಎಂದು ತಟ್ಟೆ ಮುಚ್ಚಿಟ್ಟೆ.

ಬೆಳಿಗ್ಗೆ ದೋಸೆ ಹಿಟ್ಟು ಉಬ್ಬಿತ್ತು. ಇನ್ನೊಂದು ಹಿಟ್ಟು ಬಂಡೆಯಾಗಿತ್ತು.

ಸಾಬರು ಕರಣೆಯಿಂದ ತಟ್ಟಿದರು. ಟಣ್ ಎಂದಿತು. “ಅಕ್ಕ, ಇದನ್ನ ಕಲಸಿ ಅರ್ಧ ಗಂಟೇಲಿ ಬಳೀಬೇಕು. ಯಾರು ಕಲಸಿದ್ದು?” ಎಂದರು.

ಯಜಮಾನರು ಹಲ್ಲುಜ್ಜುತ್ತಾ ಬಂದು ಟಬ್ಬಿನೊಳಗೆ ಬಗ್ಗಿ ನೋಡಿ ಕೇಳಿದರು: “ಹುಳಿ ಬಂದೈತೇನೇ?”

ನಾಲ್ಕರಲ್ಲಿ ಒಂದು ಚೀಲ ಹೋಯಿತು. ಮತ್ತೆ ಚಿತ್ರದುರ್ಗಕ್ಕೆ ಹೋಗಿ ಇನ್ನೊಂದು ತರುವ ಬದಲು ಉಳಿದ ಮೂರರಲ್ಲೇ ಸುಧಾರಿಸಲು ನಾನು ನಿರ್ಧರಿಸಿದೆ. ಸಾಬರು ಬಾಚಣಿಗೆಯಂಥ ಹಲ್ಲಿನ ಕರಣೆಯಿಂದ ಗೀರು ಗೀರಾಗಿ ಅಂಟು ಬಳಿದು, ಹಸುಗೂಸನ್ನು ಮಲಗಿಸುವ ಹಾಗೆ ಒಂದೊಂದೇ ಟೈಲ್ಸ್ ಮಲಗಿಸುತ್ತ ಬಂದರು. ಅತ್ತೆಯ ಕೋಣೆಯ ಬಾಗಿಲಿಗೆ ಇಡೀ ಟೈಲ್ಸೇ ಸರಿಹೋಗಿದ್ದರಿಂದ ಅದು ಮೊದಲ ದಿನವೇ ಕೂತಿತು. ಕತ್ತರಿಸಿ ಹಾಕಬೇಕಾದ ಬಾಗಿಲುಗಳನ್ನು, ಅಂದರೆ ಅಡುಗೆಮನೆ, ಬಚ್ಚಲು, ತಲೆಬಾಗಿಲು, ಕೊನೆಗೆ ಇಟ್ಟುಕೊಂಡರು. ಅಷ್ಟರಲ್ಲಿ ಅಂಟು ತಳ ಕಂಡಿತ್ತು.

“ಪೂರ್ತಿ ಬಳಿಯಾಕೆ ಸಾಲಲ್ಲಕ್ಕ.”

“ನಾಕು ಮೂಲೆಗೆ, ನಡುವೆ, ಒಂದೊಂದು ಉಂಡೆ ಇಡ್ರಿ ಸಾಬ್ರೇ. ಹಳೇ ಕಾಲದಲ್ಲಿ ಹಾಗೇ ಮಾಡ್ತಿರಲಿಲ್ವಾ?”

“ಅದು ದಪ್ಪ ಟೈಲ್ಸಿಗೆ. ಇದರ ಕೆಳಗೆ ಟೊಳ್ಳು ಬಿಟ್ರೆ...”

“ಇಡ್ರಿ, ನಾನು ಹೇಳ್ತೀನಿ.”

ಅವರು ನನ್ನ ಮುಖ ನೋಡಿದರು. ಟಬ್ಬಿನ ಬಂಡೆ ನೋಡಿದರು. ಉಂಡೆ ಇಟ್ಟರು.

ಎರಡು ದಿನ ಒಣಗಿದ ಮೇಲೆ ಪೂಜೆ. ನಮ್ಮ ಮನೆಯಲ್ಲಿ ಶುಭಕಾರ್ಯಕ್ಕೆ ಕಾಯಿ ಒಡೆಯುವುದು ಒಂದೇ ಜಾಗದಲ್ಲಿ, ತಲೆಬಾಗಿಲ ಒಳಗೆ ಬಲಗಡೆ, ನೆಲಕ್ಕೇ ಕುಕ್ಕಿ. ಯಜಮಾನರು ಕಾಯಿ ಹಿಡಿದು ಅನುಮಾನಿಸಿದರು. ನಾನು “ಒಡೀರಿ! ಮೂರು ಸಲ ಜಿಗಿದ್ರೂ ಏನೂ ಆಗಿಲ್ಲ” ಎಂದೆ.

ಕಾಯಿ ಒಡೆಯಿತು. ಟೈಲ್ಸೂ ಒಡೆಯಿತು. ಯಾವುದರ ಸದ್ದು ಮೊದಲು ಬಂತೆಂದು ಇಂದಿಗೂ ಒಮ್ಮತವಿಲ್ಲ.

ನಾನು ಬಿರುಕಿಗೆ ಹೂವಿಟ್ಟು ಮುಚ್ಚುತ್ತಿದ್ದಾಗಲೇ ಸುಮಿತ್ರಕ್ಕ ಅತ್ತೆಯನ್ನು ಕರೆತಂದಳು. ಅತ್ತೆ ಅವಳ ಕೈ ಬಿಡಿಸಿಕೊಂಡು, ಸ್ವಂತ ಮನೆಯೆಂಬ ಗತ್ತಿನಲ್ಲಿ ಎರಡು ಹೆಜ್ಜೆ ಒಳಗಿಟ್ಟರು. ನಿಂತರು. ಇನ್ನೊಂದು ಹೆಜ್ಜೆಗೆ ಎತ್ತಿದ ಕಾಲನ್ನು ಮತ್ತೆ ಅಲ್ಲೇ ಇಟ್ಟರು. ಹೆಬ್ಬೆರಳಲ್ಲಿ ಆಚೆ ಈಚೆ ಸವರಿದರು.

“ಲೇ ಗಿರಿಜಾ, ಇದು ಯಾರ ಮನೇನೇ?”

“ನಮ್ಮದೇ ಅತ್ತೆ. ನೋಡಿ, ಎಷ್ಟು ನುಣ್ಣಗಿದೆ!”

“ನುಣ್ಣಗೈತೆ. ಎಲ್ಲಾ ಕಡೆ ಒಂದೇ ಐತೆ. ನನ್ನ ರೂಮು ಯಾವ ಕಡೆ?”

ನಾನು ಕೈ ಹಿಡಿದು ಕರೆದುಕೊಂಡು ಹೋದೆ. ನಾನು ಈ ಮನೆಗೆ ಬಂದ ಇಪ್ಪತ್ತೇಳು ವರ್ಷದಲ್ಲಿ ಮನೆಯೊಳಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಮರುದಿನದಿಂದ ಅತ್ತೆ ಕೋಣೆ ಬಿಟ್ಟು ಬರಲಿಲ್ಲ. ಸಂಜೆಯ ಚಾ ಬೇಡವೆಂದರು. ನಾನು ಹಾಲು ಕೆಟ್ಟಿದೆಯೇನೋ ಎಂದು ಮೂಸಿ ನೋಡಿದೆ, ಶುಂಠಿ ಹಾಕಿ ಬೇರೆ ಮಾಡಿದೆ, ಅದೂ ಬೇಡ. ಮೂರು ದಿನ ಚಾ ಲೋಟ ಹಾಗೇ ವಾಪಸು ಬಂತು. ನಾಲ್ಕನೆಯ ದಿನ ಪಾತ್ರೆ ತಿಕ್ಕುತ್ತಿದ್ದಾಗ ನನಗೆ ಹೊಳೆಯಿತು: ಚಾ ಕುಡಿದರೆ ಬಚ್ಚಲಿಗೆ ಹೋಗಬೇಕು, ಬಚ್ಚಲಿಗೆ ಹೋಗಲು ಸೊಸೆಯ ಕೈ ಕೇಳಬೇಕು. ಕೇಳುವುದಕ್ಕಿಂತ ಬಾಯಾರಿಕೊಂಡೇ ಇರುವುದು ಅವರಿಗೆ ಸುಲಭವಾಗಿತ್ತು.

ಕೈಯಲ್ಲಿದ್ದ ಬೂದಿ ಕೈಯಲ್ಲೇ ಉಳಿಯಿತು. ನಾನು ತೊಂದರೆಯೆಂದು ಮುಚ್ಚಿಸಿದ್ದ ಆ ಬಿರುಕು, ತಗ್ಗು, ಚಕ್ಕೆಗಳೇ ಅವರ ಕಣ್ಣಾಗಿದ್ದವು. ಹಳೆಯ ನೆಲ ಎಲ್ಲಿಗೂ ಹೋಗಿರಲಿಲ್ಲ, ಹಪ್ಪಳದಷ್ಟು ಕೆಳಗೇ ಇತ್ತು. ಆದರೆ ಆ ಹಪ್ಪಳವನ್ನು ದಾಟಿ ಅವರ ಪಾದ ಅದನ್ನು ಮುಟ್ಟುವಂತಿರಲಿಲ್ಲ.

ಯಜಮಾನರಿಗೆ ಹೇಳಿದೆ. “ಅವ್ವ ನಂಗೂ ಹೇಳ್ಲಿಲ್ಲ ನೋಡು” ಎಂದರು. ಅಂದು ಲೆಕ್ಕದ ಮಾತೇನೂ ಆಡಲಿಲ್ಲ.

ಈ ನಡುವೆ ಒಡೆಯುವ ಕೆಲಸವೇನೂ ನಿಂತಿರಲಿಲ್ಲ. ಗ್ಯಾಸಿನವನು ಸಿಲಿಂಡರನ್ನು ಅಡುಗೆಮನೆ ಬಾಗಿಲಲ್ಲಿ ದಡ್ಡನೆ ಇಳಿಸಿದ. ಉಂಡೆಗಳ ನಡುವಿನ ಟೊಳ್ಳು, ಚಟ್! ಬಚ್ಚಲ ಬಾಗಿಲಲ್ಲಿ ತುಂಬಿದ ಬಿಂದಿಗೆ ಇಟ್ಟೆ, ಚಟ್! ಅದನ್ನು ಬೇರೆಯವರ ಮೇಲೆ ಹೊರಿಸಲು ನೋಡಿದೆ, ಮನೆಯಲ್ಲಿ ಆಗ ನಾನೊಬ್ಬಳೇ ಇದ್ದೆ.

ಅತ್ತೆಯ ಬರಿಗಾಲಿಗೆ ಚೂಪು ತಗುಲೀತೆಂದು, ಒಡೆದ ಮೂರನ್ನೂ ಬದಲಿಸಲು ಸಾಬರಿಗೆ ಹೇಳಿಕಳಿಸಿದೆ. ಅವರು ಹಿರಿಯೂರಿನ ಕೆಲಸ ಮುಗಿಸಿ ಬಂದದ್ದು ಒಂದು ವಾರದ ಮೇಲೆ. ಅಡುಗೆಮನೆ ಬಾಗಿಲಲ್ಲಿ ಕೂತು ಉಳಿಗೆ ಸುತ್ತಿಗೆಯ ಮೊದಲ ಪೆಟ್ಟು ಹಾಕಿದ್ದರಷ್ಟೇ.

“ಏನ್ ಮಾಡ್ತಿದೀಯೋ ಇಸ್ಮಾಯಿಲಾ?”

ತಿರುಗಿ ನೋಡಿದರೆ ಅತ್ತೆ! ಒಬ್ಬರೇ! ಎಡಗಾಲಿನ ಹೆಬ್ಬೆರಳು ಸರಿಯಾಗಿ ಬಿರುಕಿನ ಮೇಲಿತ್ತು.

“ಒಡೆದಿದ್ದು ತೆಗೀತಿದೀನಿ ಅಮ್ಮಾರೆ. ಬೇರೆ ಹಾಕ್ತೀನಿ.”

“ತೆಗದುಗಿಗದೀಯ! ಸೀಳು ಒಂದೇ ಇದ್ರೆ ಅಡಿಗೆಮನೆ, ಎರಡು ಕೂಡಿದ್ರೆ ಬಚ್ಚಲು, ಜೇಡರಬಲೆ ಇದ್ದಂಗಿದ್ರೆ ತಲೆಬಾಕಲು. ಹುಡುಕ್ಯಳಾಕೆ ನಂಗೆ ಮೂರು ದಿನ ಬೇಕಾತು. ಇವಳು ನೀರು ಹಿಡಿಯಾಕೆ ಹೋದಾಗ ಗೋಡೆ ಹಿಡ್ಕಂಡು ಓಡಾಡಿ ನೋಡೀನಿ.” ಆಮೇಲೆ ನನ್ನ ಕಡೆ ತಿರುಗಿದರು. “ವಾಪಸ್ ಬರುವಾಗ ನನ್ನ ರೂಮೇ ಸಿಗಲ್ಲ ಕಣೆ. ಅಲ್ಲೂ ಒಂದು ಒಡಿಸು.”

ಸಾಬರು ಸುತ್ತಿಗೆ ಕೆಳಗಿಟ್ಟರು. “ನಾನೇ ಹಾಕಿದ್ದನ್ನ ನಾನೇ ಹೆಂಗೆ ಒಡೀಲಿ ಅಮ್ಮಾರೆ? ನಮ್ಮ ಅಬ್ಬಾನ ನೆಲ ಕೆಳಗೈತೆ. ಕೈ ಬರಲ್ಲ.”

“ಒಡೆಯಾದ್ರಾಗೆ ಈ ಮನೇರೇ ಹುಷಾರು ಬಿಡು” ಎಂದರು ಅತ್ತೆ.

ಯಜಮಾನರು ಕಾಯಿ ತಂದರು. ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಭಕ್ತಿಯಿಂದ ಕುಕ್ಕಿದರು. ಕಾಯಿ ಎರಡು ಹೋಳು, ಟೈಲ್ಸಿಗೆ ಒಂದು ಗೀರೂ ಇಲ್ಲ. ಎರಡನೆಯ ಕಾಯಿ, ಇಲ್ಲ. ಮೂರನೆಯದಕ್ಕೆ ತೋಳು ತಿರುಗಿಸಿ ಕುಕ್ಕಿದರು. ನೀರು ನನ್ನ ಮುಖಕ್ಕೆ ಹಾರಿತು. ಟೈಲ್ಸ್ ಮಿಸುಕಲಿಲ್ಲ. ಪೂರ್ತಿ ಅಂಟು ಬಳಿದ ಟೈಲ್ಸ್ ಅದು! ಅಂಗಡಿಯಾತ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಇಡೀ ಯೋಜನೆ ಯಶಸ್ವಿಯಾಗಿದ್ದ ಆ ಒಂದೇ ಜಾಗ ನಮಗೆ ಬೇಡವಾಗಿತ್ತು.

“ಮೂರು ಕಾಯಿ, ಸೊನ್ನೆ ಟೈಲ್ಸ್” ಎಂದರು ಯಜಮಾನರು.

“ಸಾಕು ನಿಲ್ಸಿ ಮೇಷ್ಟ್ರೇ, ಊರಾಗೆ ಕಾಯಿ ಉಳಿಯಲ್ಲ” ಎಂದ ಸಾಬರು ತಲೆ ಕೆರೆದುಕೊಂಡು, “ಅಕ್ಕ, ಅವತ್ತು ನನ್ನ ಕಾಲಾಗೆ ಒಡೆಸಿದ್ರಲ್ಲ, ಆ ಚೂರು ಎಸೆದ್ರಾ?” ಎಂದು ಕೇಳಿದರು.

ನಾನು ಎಸೆಯುವವಳೇ? ಮಂಚದ ಕೆಳಗಿನಿಂದ ಐದೂ ತುಂಡು ತಂದೆ. ಅವರು ಒಂದನ್ನು ಗೇಣುದ್ದದ ಪಟ್ಟಿಯಾಗಿ ಕತ್ತರಿಸಿ, ಅಂಚುಗಳನ್ನು ಕಲ್ಲಿನಲ್ಲಿ ಉಜ್ಜಿ ನಯಮಾಡಿ, ತಾವು ತಂದಿದ್ದ ಅಂಟು ಬಳಿದು, ಆ ಬಾಗಿಲಿನ ಟೈಲ್ಸಿನ ಮೇಲೆ ಅಡ್ಡಲಾಗಿ ಅಂಟಿಸಿದರು. ಬಿರುಕುಗಳ ಚೂಪನ್ನೂ ಹಾಗೇ ಉಜ್ಜಿದರು. “ದಪ್ಪ ಟೈಲ್ಸ್ ಆಗಿದ್ರೆ ಎಡವುತಿದ್ರು. ಇದು ತೆಳ್ಳಗೈತೆ. ಕಾಲಿಗೆ ತಿಳೀತೈತೆ, ಎಡವಂಗಿಲ್ಲ. ಬೆಳಿಗ್ಗೆ ತನಕ ಯಾರೂ ತುಳಿಬ್ಯಾಡ್ರಿ.”

ಅತ್ತೆ ಪಟ್ಟಿಯ ಜಾಗವನ್ನು ಕೈಯಲ್ಲಿ ಮುಟ್ಟಿ ನೋಡಿ, ಅದನ್ನು ದಾಟಿ ಒಳಗೆ ಹೋಗಿ ಮಂಚದ ಮೇಲೆ ಕುಳಿತರು. “ಸಂಜೆ ಚಾ ಇಡೇ” ಎಂದರು.

ಎರಡು ಲೋಟ ಕುಡಿದರು. ಎದ್ದು ಬಚ್ಚಲಿಗೆ ಹೋಗಿ ಬಂದರು. ಸರಸರನೆ ಅಲ್ಲ, ಆದರೆ ಒಬ್ಬರೇ. ನಾನು ಸೌಟು ಹಿಡಿದುಕೊಂಡೇ ನೋಡಿದೆ.

ಅಂದಿನ ಊಟ ಒತ್ತುಶಾವಿಗೆ, ಕಾಯಿಹಾಲು. ಮೂರು ಕಾಯಿ ಒಡೆದ ಮನೆಯಲ್ಲಿ ಇನ್ನೇನು ಮಾಡಲು ಸಾಧ್ಯ? ಅತ್ತೆಗೆಂದು ತಟ್ಟೆ ಹಿಡಿದು, ಎರಡೂ ಕಣ್ಣು ನೆಟ್ಟಗಿರುವ ನಾನು ಅವರ ಕೋಣೆಗೆ ಹೊರಟೆ. ಬಾಗಿಲಲ್ಲಿ ಕಾಲಿಗೆ ಏನೋ ತಗುಲಿ, ಮುಗ್ಗರಿಸಿ, ಶಾವಿಗೆ ಅರ್ಧ ನೆಲಕ್ಕೆ. ಅಂಟು ಒಣಗದ ಪಟ್ಟಿ ಸೊಟ್ಟಗಾಯಿತು. ಇವತ್ತಿಗೂ ಸೊಟ್ಟಗೇ ಇದೆ.

ಒಳಗಿನಿಂದ ಅತ್ತೆಯ ದನಿ ಬಂತು: “ನೋಡ್ಕಂಡು ನಡಿಯೇ ಗಿರಿಜಾ!”

ಉಳಿದ ಶಾವಿಗೆ ತಿಂದು ಮೊದಲು ಮಲಗಿದವರು ಅತ್ತೆ. ಆಮೇಲೆ ಯಜಮಾನರು. ನಾನು ನೆಲ ಒರೆಸಿ ಮಲಗಿದೆ. ನುಣ್ಣಗಿನ ನೆಲ, ಒರೆಸಲು ಬಹಳ ಸುಲಭ.